ಫಿನ್‌ಲ್ಯಾಂಡಿನ ಕಾಡುಮನೆಗೆ ಕರೆದರೆ: ಹೊಸಬರು ತಿಳಿದಿರಬೇಕಾದ್ದು

ಮೇ ತಿಂಗಳು ಬಂತು ಅಂದರೆ ಫಿನ್‌ಲ್ಯಾಂಡಿನ ಆಫೀಸುಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಮೊಕ್ಕಿ. ಸರೋವರದ ದಡದಲ್ಲೋ ಕಾಡಿನ ನಡುವೆಯೋ ಇರುವ ಮರದ ಪುಟ್ಟ ಮನೆಗೆ ಹಾಗನ್ನುತ್ತಾರೆ. ದೇಶದ ಜನಸಂಖ್ಯೆ ಸುಮಾರು 56 ಲಕ್ಷ. ಇಂಥ ಮನೆಗಳು ಸುಮಾರು 5 ಲಕ್ಷ ಇವೆ. ಸಣ್ಣಪುಟ್ಟವನ್ನೂ ಸೇರಿಸಿದರೆ ಸರೋವರಗಳೇ 1,88,000ದಷ್ಟು. ಬೇಸಿಗೆಯ ಶುಕ್ರವಾರ ಮಧ್ಯಾಹ್ನವಾದರೆ ಸಾಕು, ಊರು ಖಾಲಿಯಾಗಿ ಹೆದ್ದಾರಿ ತುಂಬಿಕೊಳ್ಳುತ್ತದೆ.

ಎಸ್ಪೋ, ಹೆಲ್ಸಿಂಕಿ, ತಾಂಪೆರೆ, ಔಲು ಕಡೆ ಕೆಲಸಕ್ಕೆ ಬಂದ ಕನ್ನಡಿಗರನ್ನು ಒಂದಲ್ಲ ಒಂದು ದಿನ ಸಹೋದ್ಯೋಗಿಯೋ ಮಗುವಿನ ಶಾಲೆಯ ಪರಿಚಯದವರೋ ಮೊಕ್ಕಿಗೆ ಕರೆಯುತ್ತಾರೆ. ಆಗ ಏನು ಮಾಡಬೇಕು, ಏನು ಒಯ್ಯಬೇಕು, ಅಲ್ಲಿ ಹೇಗಿರಬೇಕು ಅಂತ ಹೊಸದಾಗಿ ಬಂದವರು ಕೇಳುತ್ತಲೇ ಇರುತ್ತಾರೆ. ನನಗೆ ಗೊತ್ತಿರುವುದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಅಲ್ಲಿ ನೀವು ಉಪಚಾರ ಮಾಡಿಸಿಕೊಳ್ಳುವ ಅತಿಥಿ ಅಲ್ಲ. ಕೆಲಸಕ್ಕೆ ಕೈ ಹಾಕಿ, ಮಾತಿಗೆ ಆತುರ ಬೇಡ.

ಕರೆದಾಗ ಏನು ಹೇಳಬೇಕು

ಬರುವುದಾದರೆ ನೇರವಾಗಿ "ಬರ್ತೀನಿ" ಅನ್ನಿ. ಇಲ್ಲಿಯವರು ಸುಮ್ನೆ ಬಾಯಿಮಾತಿಗೆ ಕರೆಯುವುದಿಲ್ಲ. ಮನೆಯವರ ಜೊತೆ ಮಾತಾಡಿಕೊಂಡೇ ಕರೆದಿರುತ್ತಾರೆ. ಆದರೆ ನಮ್ಮ ಹಾಗೆ ಎರಡು ಮೂರು ಸಲ ಬಲವಂತ ಮಾಡುವ ಪದ್ಧತಿ ಇಲ್ಲ. ನಾವು ಸಂಕೋಚಕ್ಕೆ "ಅಯ್ಯೋ, ನಿಮಗ್ಯಾಕೆ ತೊಂದರೆ" ಅಂದರೆ ಅದನ್ನೇ ಉತ್ತರ ಅಂದುಕೊಂಡು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆಮೇಲೆ ಅವರಿಗೂ ಬೇಜಾರು, ನಿಮಗೂ ಬೇಜಾರು.

ಒಪ್ಪಿಕೊಂಡ ಮೇಲೆ ನಾಲ್ಕು ವಿಷಯ ಕೇಳಿಕೊಳ್ಳಿ. ಕರೆಂಟ್ ಇದೆಯಾ? ನಲ್ಲಿ ನೀರು ಇದೆಯಾ? ಕಕ್ಕಸು ಒಳಗೋ ಹೊರಗೋ? ಹಾಸಿಗೆ ಬಟ್ಟೆ ತರಬೇಕಾ? ಕೇಳಲು ನಾಚಿಕೆ ಬೇಡ. ಮೊಕ್ಕಿ ಮೊಕ್ಕಿಗೂ ಬಹಳ ವ್ಯತ್ಯಾಸ ಇರುತ್ತದೆ. ಕೆಲವು ಕಡೆ ಡಿಶ್‌ವಾಷರ್ ಕೂಡ ಇರುತ್ತದೆ. ಇನ್ನು ಕೆಲವು ಕಡೆ ಸೀಮೆಎಣ್ಣೆ ದೀಪ, ಬಾವಿ ನೀರು ಬಿಟ್ಟರೆ ಬೇರೇನೂ ಇರುವುದಿಲ್ಲ. ಬೇಕೆಂದೇ ಹಾಗೆ ಇಟ್ಟುಕೊಂಡವರು ಇಲ್ಲಿ ಜಾಸ್ತಿ. ಕರೆಂಟ್ ಇಲ್ಲದ ಮನೆಗೆ ಕರೆದಿದ್ದಾರೆ ಅಂತ ಕಡಿಮೆಯಾಗಿ ಭಾವಿಸಬೇಡಿ. ಅವರ ಪಾಲಿಗೆ ಅದೇ ನಿಜವಾದ ಮೊಕ್ಕಿ.

ಯಾವಾಗ ಬರಬೇಕು, ಯಾವಾಗ ಹೊರಡಬೇಕು ಅನ್ನುವುದನ್ನೂ ಮೊದಲೇ ಕೇಳಿ. ನಾಲ್ಕು ಗಂಟೆ ಅಂದರೆ ನಾಲ್ಕೇ ಗಂಟೆ. ಬಸ್ಸಿನಲ್ಲಿ ಹೋಗುವುದಾದರೆ ಎಲ್ಲಿ ಇಳಿಯಬೇಕು, ಅಲ್ಲಿಗೆ ಯಾರು ಬರುತ್ತಾರೆ ಅಂತ ತಿಳಿದುಕೊಳ್ಳಿ. ಕೊನೆಯ ಕೆಲವು ಕಿಲೋಮೀಟರ್ ಮಣ್ಣುರಸ್ತೆ, ಆಟೋ ಟ್ಯಾಕ್ಸಿ ಯಾವುದೂ ಸಿಗುವುದಿಲ್ಲ.

ಏನೇನು ಕಟ್ಟಿಕೊಳ್ಳಬೇಕು

ಹಾಸಿಗೆ, ದಿಂಬು, ಹೊದಿಕೆ ಅಲ್ಲೇ ಇರುತ್ತವೆ. ಆದರೆ ಹೊದಿಕೆಯ ಚೀಲ, ದಿಂಬಿನ ಕವರ್, ಮಂಚದ ಮೇಲೆ ಹಾಸುವ ಬಟ್ಟೆ ನೀವೇ ಒಯ್ಯುವುದು ವಾಡಿಕೆ. ಟವೆಲ್ ಒಬ್ಬರಿಗೆ ಎರಡಾದರೂ ಇರಲಿ. ಒಂದು ಸೌನಾ ಅನ್ನುವ ಬಿಸಿ ಹಬೆಯ ಸ್ನಾನದ ಕೋಣೆಯಲ್ಲಿ ಕೆಳಗೆ ಹಾಸಿಕೊಂಡು ಕೂರುವುದಕ್ಕೆ, ಇನ್ನೊಂದು ಮೈ ಒರೆಸಿಕೊಳ್ಳುವುದಕ್ಕೆ.

ಜೂನ್ ಜುಲೈನಲ್ಲಿ ಹೋಗುತ್ತಿದ್ದರೂ ಉಣ್ಣೆ ಕಾಲುಚೀಲ, ಒಂದು ಸ್ವೆಟರ್, ಮಳೆ ಜಾಕೆಟ್ ಬೇಕೇ ಬೇಕು. ಹಗಲು 25 ಡಿಗ್ರಿ ಇದ್ದ ಕಡೆಯೇ ರಾತ್ರಿ ಹತ್ತಕ್ಕಿಂತ ಕೆಳಗೆ ಇಳಿಯಬಹುದು. ರಬ್ಬರ್ ಬೂಟು ಇದ್ದರೆ ಎಷ್ಟೋ ಅನುಕೂಲ. ಒದ್ದೆ ಹುಲ್ಲು, ಜೌಗು ನೆಲ, ಬೆರಿ ಹಣ್ಣು ಕೀಳುವ ಕಾಡು, ಎಲ್ಲದಕ್ಕೂ ಆಗುತ್ತದೆ. ನಿದ್ದೆ ಸೂಕ್ಷ್ಮ ಇರುವವರು ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಇಟ್ಟುಕೊಳ್ಳಿ. ಜೂನ್ ಕೊನೆಯಲ್ಲಿ ಹೆಲ್ಸಿಂಕಿಯಲ್ಲೇ ಹಗಲು ಸುಮಾರು 19 ಗಂಟೆ ಇರುತ್ತದೆ. ಉತ್ತರದ ತುದಿಯ ಉತ್ಸ್‌ಯೊಕಿಯಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ. ಮಕ್ಕಳನ್ನು ಮಲಗಿಸುವುದೇ ಒಂದು ಸಾಹಸ.

ಸೊಳ್ಳೆ ವಿಷಯ ಮರೆಯಬೇಡಿ. ಮಲೇರಿಯಾದ ಭಯ ಇಲ್ಲ. ಆದರೆ ಜುಲೈನಲ್ಲಿ, ಅದರಲ್ಲೂ ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿ, ಮೋಡದ ಹಾಗೆ ಬರುತ್ತವೆ. ಉದ್ದ ತೋಳಿನ ತಿಳಿ ಬಣ್ಣದ ಅಂಗಿ, ಸಡಿಲ ಪ್ಯಾಂಟು, ಮೈಗೆ ಹಚ್ಚುವ ಔಷಧಿ ಇರಲಿ. ಗ್ಯಾಸಿನಿಂದ ಓಡುವ ಥರ್ಮಾಸೆಲ್ ಅನ್ನುವ ಸಾಧನವನ್ನು ಇಲ್ಲಿ ತುಂಬಾ ಜನ ಜಗಲಿಯಲ್ಲಿ ಇಟ್ಟುಕೊಳ್ಳುತ್ತಾರೆ.

ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗುವ ರೂಢಿ ಇಲ್ಲೂ ಇದೆ. ಒಳ್ಳೆಯ ಕಾಫಿಪುಡಿ ಪ್ಯಾಕೆಟ್ಟು, ಏಲಕ್ಕಿ ಹಾಕಿದ ಪುಲ್ಲಾ ಅನ್ನುವ ಬನ್ನು, ಹೂವು, ಯಾವುದಾದರೂ ಆಯಿತು. ದುಬಾರಿ ಉಡುಗೊರೆ ಬೇಡ, ಅವರಿಗೆ ಮುಜುಗರವಾಗುತ್ತದೆ. ಮನೆಯಲ್ಲಿ ಮಾಡಿದ ಚಕ್ಕುಲಿ, ಕೋಡುಬಳೆ ಒಯ್ದರೆ ಎಲ್ಲಕ್ಕಿಂತ ಚೆನ್ನ.

ಊಟದ ಲೆಕ್ಕ

ಹೊರಡುವ ಮೊದಲೇ ಊಟ ಹಂಚಿಕೊಳ್ಳುವುದು ಮಾಮೂಲು. ಶನಿವಾರದ ರಾತ್ರಿ ಊಟ ನಮ್ಮದು, ಭಾನುವಾರದ ತಿಂಡಿ ನಿಮ್ಮದು ಅನ್ನುವ ಹಾಗೆ. ಯಾರೂ ಹೇಳದಿದ್ದರೆ ನೀವೇ ಕೇಳಿ.

ಮಾಂಸ ತಿನ್ನುವವರಿಗೆ ಯಾವ ತೊಂದರೆಯೂ ಇಲ್ಲ. ಬೆಂಕಿಯಲ್ಲಿ ಸುಟ್ಟ ಮಕ್ಕರಾ ಅನ್ನುವ ಸಾಸೇಜು, ಅದಕ್ಕೆ ಸಾಸಿವೆ ಪೇಸ್ಟು, ಇದು ಮೊಕ್ಕಿಯ ರಾಷ್ಟ್ರೀಯ ಆಹಾರ ಅಂದರೂ ತಪ್ಪಿಲ್ಲ. ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿ ಬೆಂಕಿಯ ಝಳದಲ್ಲೇ ಬೇಯಿಸುವ ಸಾಲ್ಮನ್ ಕೂಡ ಸಿಗಬಹುದು. ಸರೋವರದ ಪುಟ್ಟ ಮುಯಿಕ್ಕು ಮೀನನ್ನು ರೈ ಅನ್ನುವ ಧಾನ್ಯದ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದು ಕೊಡುತ್ತಾರೆ. ಕರಾವಳಿಯವರಿಗೆ ಖಂಡಿತ ಇಷ್ಟವಾಗುತ್ತದೆ.

ಸಸ್ಯಾಹಾರಿಗಳು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ಮೀನು, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಅನ್ನುವುದನ್ನೂ ಸೇರಿಸಿ. ಇಲ್ಲಿ ಪಥ್ಯದ ಊಟ ಕೇಳುವುದು ದಿನನಿತ್ಯದ ಸಂಗತಿ, ಯಾರೂ ಮುಖ ಸಿಂಡರಿಸುವುದಿಲ್ಲ. ಬೆಂಕಿಯ ಮೇಲೆ ಹಾಕಲು ಹಲ್ಲೂಮಿ ಚೀಸು, ಜೋಳದ ತೆನೆ, ದೊಣ್ಣೆ ಮೆಣಸಿನಕಾಯಿ, ಅಣಬೆ, ಸುತ್ತಲು ಫಾಯಿಲ್ ಇಷ್ಟು ಒಯ್ದರೆ ಚಿಂತೆ ಇಲ್ಲ. ರೈ ಹಿಟ್ಟಿನ ತೆಳು ಹಾಳೆಯೊಳಗೆ ಅನ್ನದ ಗಂಜಿ ತುಂಬಿ ಬೇಯಿಸಿದ ಕರೇಲಿಯನ್ ಪಿರಾಕ್ಕಾ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದರ ಮೇಲೆ ಹಚ್ಚುವ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಬೇಯಿಸಿದ ಮೊಟ್ಟೆ ಬೆರೆಸಿರುತ್ತಾರೆ, ನೋಡಿಕೊಳ್ಳಿ.

ಜೂನ್ ಕೊನೆಗೆ ಬರುವ ಎಳೆ ಆಲೂಗಡ್ಡೆ ಇಲ್ಲಿಯವರಿಗೆ ಪ್ರಾಣ. ಸಿಪ್ಪೆ ಸಮೇತ ಬೇಯಿಸಿ, ಬೆಣ್ಣೆ, ಸಬ್ಬಸಿಗೆ ಸೊಪ್ಪು ಹಾಕಿ ತಿನ್ನುತ್ತಾರೆ. ಅದರ ಮೇಲೆ ಒಂದು ಚಮಚ ಚಟ್ನಿಪುಡಿ ಉದುರಿಸಿ ನೋಡಿ. ಡಬ್ಬಿ ವಾಪಸ್ ಬರುವುದಿಲ್ಲ, ಖಾಲಿಯಾಗುತ್ತದೆ. ಹಪ್ಪಳ ಒಯ್ದರೆ ಕೆಂಡದ ಮೇಲೆ ಸುಡಬಹುದು. ಇನ್ನೊಂದು ಉಪಾಯ ಹೇಳುತ್ತೇನೆ. ಅನೇಕ ಮೊಕ್ಕಿಗಳಲ್ಲಿ ಬೆಂಕಿಯ ಮೇಲೆ ಇಡುವ ಅಗಲವಾದ ಕಬ್ಬಿಣದ ಬಾಣಲೆ ಇರುತ್ತದೆ. ಅದಕ್ಕೆ ಮೂರಿಕ್ಕಾ ಅನ್ನುತ್ತಾರೆ. ತೆಳುವಾದ ಪ್ಯಾನ್‌ಕೇಕ್ ಮಾಡುವುದು ಅದರಲ್ಲೇ. ಅಕ್ಕಿಹಿಟ್ಟು ಕಲಸಿಕೊಂಡು ಅದರ ಮೇಲೆ ನೀರು ದೋಸೆ ಹುಯ್ದರೆ ಎಷ್ಟು ಚೆನ್ನಾಗಿ ಏಳುತ್ತದೆ ಗೊತ್ತಾ! ಎಣ್ಣೆ ಹಚ್ಚಿದ ಬಾಣಲೆ ಚೆನ್ನಾಗಿ ಕಾದಿರಬೇಕು, ಉರಿ ಹದವಾಗಿರಬೇಕು, ಅಷ್ಟೆ. ಪಕ್ಕದಲ್ಲಿ ಅವರ ಬ್ಲೂಬೆರಿ ಜಾಮ್ ಇರುತ್ತದೆ. ಇಬ್ಬರ ಅಡುಗೆಯೂ ಒಂದೇ ಬೆಂಕಿಯ ಮೇಲೆ ಆಗುತ್ತಿದ್ದರೆ ಪರಿಚಯ ತಾನಾಗಿ ಬೆಳೆಯುತ್ತದೆ.

ಮದ್ಯ ಬೇಡದಿದ್ದರೆ ಬೇಡ ಅನ್ನಿ. ಕಾರಣ ಹೇಳಬೇಕಾಗಿಲ್ಲ, ಯಾರೂ ಒತ್ತಾಯ ಮಾಡುವುದಿಲ್ಲ.

ತಲುಪಿದ ಮೊದಲ ಗಂಟೆ

ಬಾಗಿಲಲ್ಲೇ ಚಪ್ಪಲಿ ಬಿಡಿ. ಇದು ನಮಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ. ಆಮೇಲೆ ಮನೆಯವರು ಎಲ್ಲ ತೋರಿಸುತ್ತಾರೆ: ಬಾವಿ, ಸೌದೆ ಮನೆ, ಸೌನಾ, ಕಕ್ಕಸು, ದೋಣಿ. ಗಮನ ಇಟ್ಟು ನೋಡಿಕೊಳ್ಳಿ, ಯಾಕಂದರೆ ಎರಡನೇ ಸಲ ಯಾರೂ ಬಂದು ಕೇಳುವುದಿಲ್ಲ. ನೀರು ಬೇಕಾದರೆ ನೀವೇ ಸೇದಿಕೊಳ್ಳಬೇಕು, ಕಾಫಿ ಬೇಕಾದರೆ ನೀವೇ ಬಗ್ಗಿಸಿಕೊಳ್ಳಬೇಕು. ಇದು ಅಸಡ್ಡೆ ಅಲ್ಲ. ಮನೆಯವರಲ್ಲಿ ಒಬ್ಬರು ಅಂತ ನಿಮ್ಮನ್ನು ಬಿಟ್ಟಿದ್ದಾರೆ ಅಂತ ಅರ್ಥ.

ಹಾಗಾಗಿ ಮೊದಲ ಗಂಟೆಯಲ್ಲೇ ಒಂದು ಕೆಲಸ ಹಿಡಿಯಿರಿ. "ಏನಾದರೂ ಸಹಾಯ ಮಾಡಲಾ?" ಅಂದರೆ "ಬೇಡ" ಅನ್ನುವ ಸಂಭವ ಜಾಸ್ತಿ. "ಸೌನಾಕ್ಕೆ ನೀರು ನಾನು ಹೊರಲಾ?" ಅಂತ ಗೊತ್ತಾದ ಕೆಲಸವನ್ನೇ ಹೆಸರಿಸಿ ಕೇಳಿದರೆ ಬಕೆಟ್ ಕೈಗೆ ಬರುತ್ತದೆ. ಸೌದೆ ಜೋಡಿಸುವುದು, ಪಾತ್ರೆ ತೊಳೆಯುವುದು, ಆಲೂಗಡ್ಡೆ ತೊಳೆಯುವುದು, ಯಾವುದಾದರೂ ಸರಿ. ಸೌದೆ ಒಡೆಯುವ ಕೊಡಲಿಯನ್ನು ಮಾತ್ರ ಗೊತ್ತಿಲ್ಲದೆ ಎತ್ತಬೇಡಿ. ತೋರಿಸಿಕೊಡಿ ಅಂತ ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ.

ವಸಂತದಲ್ಲಿ ಕರೆದರೆ ಅದು ತಲ್ಕೋತ್ ಇರಬಹುದು. ನೆಂಟರು, ಸ್ನೇಹಿತರು ಸೇರಿ ದೋಣಿಕಟ್ಟೆ ರಿಪೇರಿ, ಬಣ್ಣ ಹಚ್ಚುವುದು, ಸೌದೆ ಒಟ್ಟುವುದು ಇಂಥ ಕೆಲಸ ಮುಗಿಸುತ್ತಾರೆ. ನಮ್ಮ ಮಲೆನಾಡಿನ ಮುಯ್ಯಾಳಿನ ಹಾಗೆ, ದುಡ್ಡಿನ ಮಾತಿಲ್ಲ. ಮನೆಯವರು ಊಟ, ಕಾಫಿ, ಕೊನೆಗೆ ಸೌನಾ ಕೊಡುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೈಯಲ್ಲಿ ಕೆಲಸ ಇದ್ದಾಗ ಭಾಷೆ ಬಾರದ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ಕಕ್ಕಸಿನ ವಿಷಯ ಬಿಚ್ಚಿ ಹೇಳಬೇಕು. ಹಳೆಯ ಮೊಕ್ಕಿಗಳಲ್ಲಿ ಅದು ಮನೆಯಿಂದ ಸ್ವಲ್ಪ ದೂರ, ಮರದ ಪುಟ್ಟ ಗೂಡು. ಫ್ಲಶ್ ಇರುವುದಿಲ್ಲ. ಪಕ್ಕದ ಡಬ್ಬಿಯಲ್ಲಿ ಜೌಗು ನೆಲದ ಪೀಟ್ ಮಣ್ಣು, ಮರದ ತೊಗಟೆಯ ಪುಡಿ ಬೆರೆಸಿದ್ದು ಇರುತ್ತದೆ. ಮುಗಿದ ಮೇಲೆ ಒಂದು ಮೊಗೆ ಉದುರಿಸಿ ಮುಚ್ಚಳ ಹಾಕಬೇಕು. ಅದೆಲ್ಲ ಮುಂದೆ ಗೊಬ್ಬರವಾಗುತ್ತದೆ. ನೀರು ಜಾಸ್ತಿ ಬಿದ್ದರೆ ಗೊಬ್ಬರ ಕೆಟ್ಟು ನಾರುತ್ತದೆ. ನಮ್ಮವರಿಗೆ ನೀರಿಲ್ಲದೆ ಆಗುವುದಿಲ್ಲ. ಒಂದು ಸಣ್ಣ ಬಾಟಲಿ ಒಯ್ಯಿರಿ, ಹಿತಮಿತವಾಗಿ ಬಳಸಿ, ಪುಡಿಯನ್ನು ಒಂದು ಮೊಗೆ ಜಾಸ್ತಿ ಹಾಕಿ. ವೆಟ್ ವೈಪ್ ಬಳಸುವುದಾದರೆ ಅದನ್ನು ಗುಂಡಿಗೆ ಹಾಕದೆ ಬೇರೆ ಚೀಲದಲ್ಲಿ ಕಟ್ಟಿಡಿ.

ಸೌನಾ

ಇದನ್ನು ಬಿಟ್ಟು ಮೊಕ್ಕಿ ಇಲ್ಲ. ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳಿವೆ ಅನ್ನುತ್ತಾರೆ. 2020ರಲ್ಲಿ ಯುನೆಸ್ಕೊ ಫಿನ್ನಿಶ್ ಸೌನಾ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಸಬರಿಗೆ ಜಾಸ್ತಿ ಅಳುಕು ಇರುವುದೂ ಇಲ್ಲೇ.

ಮೊದಲು ಬಟ್ಟೆಯ ಪ್ರಶ್ನೆ. ಇಲ್ಲಿ ಸೌನಾಕ್ಕೆ ಬಟ್ಟೆ ಇಲ್ಲದೆ ಹೋಗುವುದು ಸಹಜ. ಅದರಲ್ಲಿ ಯಾವ ಕೆಟ್ಟ ಅರ್ಥವೂ ಇಲ್ಲ. ಸಾಮಾನ್ಯವಾಗಿ ಹೆಂಗಸರದ್ದು ಒಂದು ಸರದಿ, ಗಂಡಸರದ್ದು ಇನ್ನೊಂದು. ಒಂದು ಕುಟುಂಬದವರು ಒಟ್ಟಿಗೆ ಹೋಗುವುದೂ ಉಂಟು. ನಿಮಗೆ ಇರಿಸುಮುರಿಸು ಅನಿಸಿದರೆ ಈಜುಡುಗೆ ಹಾಕಿಕೊಳ್ಳುತ್ತೇನೆ, ಟವೆಲ್ ಸುತ್ತಿಕೊಳ್ಳುತ್ತೇನೆ ಅಂತ ಹೇಳಿ. ಯಾರದೂ ಅಭ್ಯಂತರ ಇರುವುದಿಲ್ಲ. ನನ್ನ ಹೆಂಡತಿಯ ಜೊತೆ ಮಾತ್ರ ಹೋಗುತ್ತೇನೆ ಅಂದರೂ ನಡೆಯುತ್ತದೆ. ಹೋಗುವುದೇ ಇಲ್ಲ ಅಂದರೂ ನಡೆಯುತ್ತದೆ. ಆದರೆ ಒಂದು ಸಲ ಹೋಗಿ ನೋಡಿ ಅನ್ನುವುದು ನನ್ನ ಪ್ರೀತಿಯ ಒತ್ತಾಯ.

ಒಳಗೆ ಹೋಗುವ ಮುಂಚೆ ಒಡವೆ ಬಿಚ್ಚಿಡಿ. ತಾಳಿ ಸರ, ಓಲೆ, ಬಳೆ, ಬೆಳ್ಳಿ ಉಡಿದಾರ, ಯಾವ ಲೋಹವಾದರೂ ಕಾದು ಚರ್ಮ ಸುಡುತ್ತದೆ. ತಾಳಿ ತೆಗೆಯಲು ಮನಸ್ಸು ಬಾರದವರು ಅರಿಶಿನ ದಾರದಲ್ಲಿ ಹಾಕಿಕೊಂಡು ಬೊಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಳ್ಳಬಹುದು. ಕನ್ನಡಕವೂ ಬೇಡ. ಒಂದೆರಡು ಲೋಟ ನೀರು ಕುಡಿಯಿರಿ, ಹೊಟ್ಟೆ ತುಂಬ ತಿಂದು ಹೋಗಬೇಡಿ, ಮೈ ತೊಳೆದುಕೊಂಡೇ ಒಳಗೆ ಹೋಗಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಬಸುರಿಯರು ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ.

ಒಳಗೆ ಮೆಟ್ಟಿಲಿನಂತೆ ಮರದ ಹಲಗೆಗಳಿರುತ್ತವೆ. ಬಿಸಿ 70ರಿಂದ 90 ಡಿಗ್ರಿ. ಮೇಲಕ್ಕೆ ಹೋದಷ್ಟೂ ಕಾವು ಜಾಸ್ತಿ. ಮೊದಲ ಸಲ ಕೆಳಗಿನ ಹಲಗೆಯ ಮೇಲೆ ಟವೆಲ್ ಹಾಸಿ ಕೂರಿ. ಒಲೆಯ ಮೇಲೆ ಕಲ್ಲುಗಳ ರಾಶಿ, ಪಕ್ಕದಲ್ಲಿ ನೀರಿನ ಮರದ ಬಕೆಟ್ಟು, ಉದ್ದ ಹಿಡಿಯ ಸೌಟು. ಯಾರಾದರೂ ಒಬ್ಬರು ಅರ್ಧ ಸೌಟು ನೀರನ್ನು ಕಲ್ಲಿನ ಮೇಲೆ ಎರಚುತ್ತಾರೆ. ಚುಂಯ್ ಅಂತ ಸದ್ದಾಗುತ್ತದೆ. ಹಬೆ ಕಣ್ಣಿಗೆ ಕಾಣುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಮಾಡಿನಿಂದ ಇಳಿದು ಮೊದಲು ಕಿವಿಯ ತುದಿಗೆ, ಆಮೇಲೆ ಹೆಗಲಿಗೆ, ಬೆನ್ನಿಗೆ ಕಾವು ಬಂದು ತಟ್ಟುತ್ತದೆ. ಅದನ್ನೇ ಲೊಯ್ಲು ಅನ್ನುವುದು. ಮೂಗಿನಲ್ಲಿ ಉರಿ ಅನಿಸಿದರೆ ಬಾಯಿಯಿಂದ ಮೆಲ್ಲಗೆ ಉಸಿರಾಡಿ, ತಲೆ ಸ್ವಲ್ಪ ತಗ್ಗಿಸಿ. ನೀವು ನೀರು ಹಾಕುವ ಮುಂಚೆ "ಹಾಕಲಾ?" ಅಂತ ಉಳಿದವರನ್ನು ಕೇಳಬೇಕು.

ಬರ್ಚ್ ಮರದ ಎಳೆ ಕೊಂಬೆಗಳ ಕಟ್ಟನ್ನು ನೀರಲ್ಲಿ ನೆನೆಸಿ ಮೈಗೆ ಮೆಲ್ಲಗೆ ಬಡಿದುಕೊಳ್ಳುತ್ತಾರೆ. ಪಶ್ಚಿಮದವರು ಅದನ್ನು ವಿಹ್ತಾ ಅಂದರೆ ಪೂರ್ವದವರು ವಸ್ತಾ ಅನ್ನುತ್ತಾರೆ. ನೋವಾಗುವುದಿಲ್ಲ. ಎಲೆಯ ಪರಿಮಳ ಇಡೀ ಕೋಣೆ ತುಂಬುತ್ತದೆ.

ಎಷ್ಟು ಹೊತ್ತು ಕೂರಬೇಕು ಅನ್ನುವುದಕ್ಕೆ ಲೆಕ್ಕ ಇಲ್ಲ. ಸಾಕು ಅನಿಸಿದ ಕೂಡಲೇ ಎದ್ದು ಬನ್ನಿ, ಇದು ಪಂದ್ಯ ಅಲ್ಲ. ತಲೆ ಹಗುರಾದಂತೆ ಅನಿಸಿದರೆ ತಡ ಮಾಡಬೇಡಿ. ಹೊರಗೆ ಜಗಲಿಯಲ್ಲಿ ಕೂತು ಮೈ ಆರಿಸಿಕೊಂಡು, ಬೇಕಾದರೆ ಸರೋವರಕ್ಕೆ ಇಳಿದು, ಮತ್ತೆ ಒಳಗೆ ಹೋಗುತ್ತಾರೆ. ಹೀಗೆ ಎರಡು ಮೂರು ಸುತ್ತು.

ನೀರಿಗೆ ಇಳಿಯುವಾಗ ಎಚ್ಚರ. ಇಲ್ಲಿಯ ಎಷ್ಟೋ ಸರೋವರಗಳ ನೀರು ಡಿಕಾಕ್ಷನ್ ಬಣ್ಣದ್ದು, ತಳ ಕಾಣುವುದಿಲ್ಲ. ಮೇಲ್ಮೈ ಬೆಚ್ಚಗಿದ್ದರೂ ಒಂದಾಳು ಕೆಳಗೆ ಕೊರೆಯುತ್ತಿರುತ್ತದೆ. ಧುಮುಕಬೇಡಿ, ಏಣಿ ಹಿಡಿದು ಮೆಲ್ಲಗೆ ಇಳಿಯಿರಿ. ಈಜು ಬಾರದಿದ್ದರೆ ಹಾಗಂತ ಬಾಯಿ ಬಿಟ್ಟು ಹೇಳಿ. ಇಲ್ಲಿ ಮಕ್ಕಳಿಗೂ ಈಜು ಬರುತ್ತದೆ, ಆದ್ದರಿಂದ ನಿಮಗೂ ಬರುತ್ತದೆ ಅಂದುಕೊಂಡಿರುತ್ತಾರೆ. ಒಬ್ಬರೇ ಇಳಿಯಬೇಡಿ. ಕುಡಿದು ಇಳಿಯಲೇಬೇಡಿ. ಪ್ರತಿ ಬೇಸಿಗೆಯೂ ಜನ ಸಾಯುವುದು ಹೀಗೆಯೇ. ದೋಣಿ ಹತ್ತಿದರೆ ಲೈಫ್ ಜಾಕೆಟ್ ಹಾಕಿ, ಮಕ್ಕಳಿಗಂತೂ ದಡದಲ್ಲಿದ್ದಾಗಲೇ ಹಾಕಿಬಿಡಿ. ಸೋಪನ್ನು ಸರೋವರದಲ್ಲಿ ಬಳಸಬಾರದು. ಕೊನೆಯ ಸ್ನಾನ ಸೌನಾದ ತೊಳೆಯುವ ಕೋಣೆಯಲ್ಲೇ ಆಗಬೇಕು.

ಸೌನಾದಲ್ಲಿ ಜೋರು ಮಾತು, ಜಗಳ ಇಲ್ಲ. ಗಂಭೀರ ಮಾತುಕತೆಗೆ ಅಡ್ಡಿ ಇಲ್ಲ. 1960ರಲ್ಲಿ ಅಧ್ಯಕ್ಷ ಉರ್ಹೊ ಕೆಕ್ಕೊನೆನ್ ತಮ್ಮ ಹುಟ್ಟುಹಬ್ಬಕ್ಕೆ ಬಂದಿದ್ದ ಸೋವಿಯತ್ ನಾಯಕ ಕ್ರುಶ್ಚೇವ್ ಅವರನ್ನು ಸೌನಾಕ್ಕೆ ಕರೆದುಕೊಂಡು ಹೋಗಿದ್ದರು. ಆಫೀಸಿನಲ್ಲಿ ಎರಡು ವರ್ಷ ಮಾತೇ ಆಡದ ಸಹೋದ್ಯೋಗಿ ಸೌನಾದ ಹಲಗೆಯ ಮೇಲೆ ತನ್ನ ಅಪ್ಪ ಅಮ್ಮನ ಕಥೆ ಹೇಳುವುದನ್ನು ನೀವೂ ಕಾಣುತ್ತೀರಿ.

ಬೆಂಕಿಯ ಸುತ್ತ

ಸೌನಾ ಆದ ಮೇಲೆ ಬೆಂಕಿ ಹಾಕುತ್ತಾರೆ. ಬೆಂಕಿ ಮನೆಯವರ ಜವಾಬ್ದಾರಿ. ಕೇಳದೆ ಸೌದೆ ತುಂಬಬೇಡಿ, ಪ್ಲಾಸ್ಟಿಕ್ ಹಾಕಬೇಡಿ. ಒಣಗಿದ ಬರ್ಚ್ ತೊಗಟೆ ಮಳೆಯಲ್ಲೂ ಹತ್ತಿಕೊಳ್ಳುತ್ತದೆ. ಆದರೆ ನಿಂತ ಮರದಿಂದ ತೊಗಟೆ ಕೀಳುವಂತಿಲ್ಲ, ಸೌದೆಯಿಂದಲೇ ಬಿಡಿಸಿಕೊಳ್ಳಬೇಕು. ಕಾಳ್ಗಿಚ್ಚಿನ ಎಚ್ಚರಿಕೆ ಜಾರಿಯಲ್ಲಿದ್ದರೆ ಬಯಲಿನಲ್ಲಿ ಬೆಂಕಿ ಹಾಕುವುದೇ ಕಾನೂನುಬಾಹಿರ. ಆ ದಿನ ಎಷ್ಟೇ ಆಸೆ ಇದ್ದರೂ ಕೇಳಬೇಡಿ.

ಕಾಫಿ ಇಲ್ಲೇ ಆಗುತ್ತದೆ. ಮಸಿ ಹಿಡಿದ ಕೆಟಲಿನಲ್ಲಿ ನೀರು ಕುದಿಸಿ, ಕೆಳಗಿಳಿಸಿ, ತರಿತರಿ ಪುಡಿ ಹಾಕಿ, ಮತ್ತೊಂದು ಸಲ ಉಕ್ಕು ಬರಿಸಿ ಹಾಗೇ ಬಿಡುತ್ತಾರೆ. ಸೋಸುವುದಿಲ್ಲ. ಪುಡಿ ತಳಕ್ಕೆ ಇಳಿಯುವವರೆಗೆ ಕಾಯಬೇಕು. ಇಲ್ಲಿಯ ಕಾಫಿಬೀಜ ಕಡಿಮೆ ಹುರಿದದ್ದು, ಸ್ವಲ್ಪ ಹುಳಿ ಇರುತ್ತದೆ. ಫಿಲ್ಟರ್ ಕಾಫಿಯ ನಾಲಿಗೆಗೆ ಮೊದಲು ಹೊಂದುವುದಿಲ್ಲ. ಹೊಗೆಯ ವಾಸನೆಯ ಜೊತೆ ಒಂದೆರಡು ಸಲ ಕುಡಿದರೆ ಹೊಂದುತ್ತದೆ. ಕುಕ್ಸಾ ಅನ್ನುವ ಬರ್ಚ್ ಮರದ ಕೆತ್ತಿದ ಬಟ್ಟಲಲ್ಲಿ ಕೊಟ್ಟರೆ ಎಚ್ಚರದಿಂದ ಹಿಡಿಯಿರಿ. ಅದು ಅವರ ಸ್ವಂತದ್ದು, ಬಹುಶಃ ಯಾರೋ ಪ್ರೀತಿಯಿಂದ ಕೊಟ್ಟದ್ದು. ತೊಳೆಯುವಾಗ ಸೋಪು ಹಾಕಬೇಡಿ, ನೀರಲ್ಲಿ ಆಡಿಸಿ ಒರೆಸಿದರೆ ಸಾಕು.

ಹೊಸಬರಿಗೆ ತುಂಬಾ ಕಷ್ಟವಾಗುವುದು ಇಲ್ಲಿಯ ಮೌನ. ಐದು ಜನ ಬೆಂಕಿ ನೋಡುತ್ತಾ ಕಾಲು ಗಂಟೆ ಮಾತಿಲ್ಲದೆ ಕೂತಿರುತ್ತಾರೆ. ನಮ್ಮ ಕಡೆ ಹಾಗೆ ಕೂತರೆ ಏನೋ ಮನಸ್ತಾಪ ಅಂತ ಅರ್ಥ. ಇಲ್ಲಿ ಹಾಗಲ್ಲ. ಜೊತೆಗೆ ಸುಮ್ಮನೆ ಕೂರಬಹುದಾದಷ್ಟು ನಿಮ್ಮನ್ನು ಹತ್ತಿರದವರು ಅಂದುಕೊಂಡಿದ್ದಾರೆ. ಖಾಲಿ ತುಂಬಿಸಲು ಹೋಗಿ ಸಂಬಳ, ಬಾಡಿಗೆ, ಮದುವೆ, ಮಕ್ಕಳ ವಿಚಾರ ಕೇಳಬೇಡಿ. ಮೀನು, ಹವಾಮಾನ, ಈ ಜಾಗ ಯಾವ ಕಾಲದಿಂದ ಅವರದು, ಸೌನಾ ಕಟ್ಟಿದ್ದು ಯಾರು, ಇವನ್ನು ಕೇಳಿ. ಅಜ್ಜ ಕೈಯಾರೆ ಕಟ್ಟಿದ್ದು ಅನ್ನುವ ಮಾತು ಬಂದರೆ ಆಮೇಲೆ ನೀವು ಕೇಳಿಸಿಕೊಂಡರೆ ಸಾಕು. ನಿಮ್ಮ ಊರಿನ ಬಗ್ಗೆಯೂ ಕೇಳುತ್ತಾರೆ. ಆಗ ನಿಧಾನವಾಗಿ ಹೇಳಿ. ನೀವು ನಿಲ್ಲಿಸುವವರೆಗೂ ನಡುವೆ ಬಾಯಿ ಹಾಕದೆ ಕೇಳುತ್ತಾರೆ.

ಕಾಡಿನೊಳಗೆ

ಫಿನ್‌ಲ್ಯಾಂಡಿನಲ್ಲಿ ಯಾರ ಜಮೀನಿನ ಕಾಡಿನಲ್ಲಾದರೂ ನಡೆಯಬಹುದು, ಬೆರಿ, ಅಣಬೆ ಕೀಳಬಹುದು, ಒಂದೆರಡು ರಾತ್ರಿ ಡೇರೆ ಹಾಕಬಹುದು. ಇದು ಎಲ್ಲರ ಹಕ್ಕು, ವಿದೇಶಿಯರಿಗೂ ಇದೆ. ಆದರೆ ಮನೆಯ ಅಂಗಳ, ಬೆಳೆದ ಹೊಲ ಇದಕ್ಕೆ ಸೇರುವುದಿಲ್ಲ. ಮಾಲೀಕರ ಒಪ್ಪಿಗೆ ಇಲ್ಲದೆ ಬೆಂಕಿ ಹಾಕುವಂತಿಲ್ಲ, ಮರ ಕಡಿಯುವಂತಿಲ್ಲ, ಪಾಚಿ ಕೀಳುವಂತಿಲ್ಲ. ಸಾದಾ ಗಾಳದಲ್ಲಿ ಮೀನು ಹಿಡಿಯಲು ಬಹುತೇಕ ಕಡೆ ಶುಲ್ಕ ಇಲ್ಲ. ರೀಲು ಇರುವ ಗಾಳಕ್ಕೆ ನಿಯಮ ಬೇರೆ, ಮನೆಯವರನ್ನು ಕೇಳಿ.

ಬ್ಲೂಬೆರಿ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ. ಜೌಗಿನಲ್ಲಿ ಬೆಳೆಯುವ ಬಂಗಾರ ಬಣ್ಣದ ಕ್ಲೌಡ್‌ಬೆರಿ ಅದಕ್ಕಿಂತ ಸ್ವಲ್ಪ ಮುಂಚೆ. ಕೆಂಪು ಲಿಂಗನ್‌ಬೆರಿ ಸೆಪ್ಟೆಂಬರಿನಲ್ಲಿ. ಕ್ಲೌಡ್‌ಬೆರಿ, ಅಣಬೆ ಸಿಗುವ ಜಾಗವನ್ನು ಜನ ಗುಟ್ಟಾಗಿ ಇಡುತ್ತಾರೆ. ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಅದು ದೊಡ್ಡ ನಂಬಿಕೆ. ಆ ಜಾಗದ ಫೋಟೊ ಎಲ್ಲೂ ಹಾಕಬೇಡಿ. ಗುರುತು ಸಿಗದ ಅಣಬೆ ಮುಟ್ಟಬೇಡಿ. ಜೀವ ತೆಗೆಯುವ ಬಿಳಿ ಅಣಬೆ ಇಲ್ಲಿಯ ಕಾಡಿನಲ್ಲಿದೆ.

ಕಾಡಿನಿಂದ ಬಂದ ಮೇಲೆ ಮೈಯೆಲ್ಲ ಉಣ್ಣೆಹುಳ ನೋಡಿಕೊಳ್ಳಿ, ಮಂಡಿಯ ಹಿಂದೆ, ಕಂಕುಳು, ತೊಡೆಸಂದು, ಮಕ್ಕಳ ಕೂದಲಿನ ಬುಡ. ತೆಂಕಣ ಕರಾವಳಿ, ದ್ವೀಪಗಳ ಕಡೆ ಇವು ಜಾಸ್ತಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ, ಸುಣ್ಣ ಹಚ್ಚಬೇಡಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಉಂಗುರ ಹರಡಿದರೆ ಡಾಕ್ಟರಿಗೆ ತೋರಿಸಿ. ಇವು ತರುವ ಮಿದುಳಿನ ಉರಿಯೂತಕ್ಕೆ ಲಸಿಕೆ ಇದೆ. ಇಲ್ಲೇ ನೆಲೆಸುವವರು ಹಾಕಿಸಿಕೊಳ್ಳುವುದು ಒಳ್ಳೆಯದು. ವಿಷದ ಹಾವು ಒಂದೇ ಜಾತಿ, ಕ್ಯೂ ಅನ್ನುತ್ತಾರೆ. ಬೂಟು ಇದ್ದರೆ ಮುಕ್ಕಾಲು ಪಾಲು ಭಯ ಕಳೆಯಿತು. ಎಲ್ಲ ತುರ್ತಿಗೂ ನಂಬರ್ 112. 112 ಸುಓಮಿ ಆ್ಯಪ್‌ನಿಂದ ಕರೆ ಮಾಡಿದರೆ ನೀವಿರುವ ಜಾಗ ತಾನಾಗಿ ಹೋಗುತ್ತದೆ. ಮನೆಯ ವಿಳಾಸವನ್ನೂ ಬರೆದಿಟ್ಟುಕೊಳ್ಳಿ.

ಯುಹಾನ್ನುಸ್‌ಗೆ ಕರೆದರೆ

ಜೂನ್ 20ರಿಂದ 26ರ ನಡುವೆ ಬರುವ ಶನಿವಾರ ಯುಹಾನ್ನುಸ್, ನಡುಬೇಸಿಗೆಯ ಹಬ್ಬ. ನಿಜವಾದ ಸಂಭ್ರಮ ಹಿಂದಿನ ದಿನ ಶುಕ್ರವಾರ ಸಂಜೆಯದು. ಬಾಗಿಲಿನ ಎರಡು ಕಡೆ ಬರ್ಚ್ ಸಸಿ ನಿಲ್ಲಿಸುತ್ತಾರೆ. ಸಂಜೆ ಆರಕ್ಕೆ ಧ್ವಜ ಏರಿಸಿ, ಮಾರನೆಯ ದಿನ ರಾತ್ರಿ ಒಂಬತ್ತರವರೆಗೆ ಇಳಿಸುವುದಿಲ್ಲ. ಸರೋವರದ ದಡದಲ್ಲಿ ಕೊಕ್ಕೊ ಅನ್ನುವ ದೊಡ್ಡ ಬೆಂಕಿ ಹಾಕುತ್ತಾರೆ. ಮದುವೆಯಾಗದ ಹುಡುಗಿಯರು ಏಳು ಬಗೆಯ ಹೂವು ಕಿತ್ತು ದಿಂಬಿನ ಕೆಳಗೆ ಇಟ್ಟು ಮಲಗಿದರೆ ಕನಸಲ್ಲಿ ಗಂಡ ಕಾಣುತ್ತಾನೆ ಅನ್ನುವ ನಂಬಿಕೆ ಇದೆ. ಅಂಗಡಿಗಳು ಬೇಗ ಮುಚ್ಚುತ್ತವೆ, ಸಾಮಾನು ಗುರುವಾರವೇ ತಂದಿಟ್ಟುಕೊಳ್ಳಿ. ಈ ಹಬ್ಬಕ್ಕೆ ಕರೆಯುವುದು ಹತ್ತಿರದವರನ್ನು ಮಾತ್ರ. ಬೇರೆ ಕಾರ್ಯಕ್ರಮ ಇದ್ದರೂ ಮುಂದೂಡಿ ಹೋಗಿ.

ಹೊರಡುವ ದಿನ

ಹಾಸಿಗೆ ಬಟ್ಟೆ ಮಡಚಿ, ನೆಲ ಗುಡಿಸಿ, ಸೌನಾದ ಹಲಗೆ ತೊಳೆದು, ಮುಂದೆ ಬರುವವರಿಗೆ ಸೌದೆ ಜೋಡಿಸಿಡಿ. ನಿಮ್ಮ ಕಸ ನಿಮ್ಮ ಜೊತೆ ವಾಪಸ್. ಒಲೆಯ ಹೊಗೆ ಕೊಳವೆಯ ತಟ್ಟೆಯನ್ನು ಮಾತ್ರ ಮುಟ್ಟಬೇಡಿ. ಕೆಂಡ ಪೂರ್ತಿ ಆರುವ ಮುಂಚೆ ಅದನ್ನು ಮುಚ್ಚಿದರೆ ವಾಸನೆಯೇ ಇಲ್ಲದ ವಿಷಾನಿಲ ಮನೆ ತುಂಬುತ್ತದೆ. ಅದು ಮನೆಯವರ ಕೆಲಸ. ಅತಿಥಿಗಳ ಪುಸ್ತಕ ಇದ್ದರೆ ನಾಲ್ಕು ಸಾಲು ಬರೆಯಿರಿ. ಕನ್ನಡದಲ್ಲೇ ಬರೆದು ಕೆಳಗೆ ಅರ್ಥ ಬರೆದರೆ ತುಂಬಾ ಖುಷಿಪಡುತ್ತಾರೆ. ಮುಂದಿನ ಸಲ ಭೇಟಿಯಾದಾಗ "ಹೋದ ಸಲಕ್ಕೆ ಥ್ಯಾಂಕ್ಸ್" ಅನ್ನುವುದು ಇಲ್ಲಿಯ ಪದ್ಧತಿ. ಆಮೇಲೆ ನಿಮ್ಮ ಮನೆಗೆ ಊಟಕ್ಕೆ ಕರೆಯಿರಿ, ಬಿಸಿಬೇಳೆಬಾತ್‌ಗೆ ಖಾರ ಮಾತ್ರ ಅರ್ಧ ಹಾಕಿ.

ಯಾರೂ ಕರೆಯದಿದ್ದರೆ?

ಕಾಯುತ್ತಾ ಕೂರಬೇಡಿ. ಎಸ್ಪೋದಿಂದ ಬಸ್ಸಿನಲ್ಲೇ ಹೋಗಬಹುದಾದ ನೂಕ್ಸಿಯೊ ರಾಷ್ಟ್ರೀಯ ಉದ್ಯಾನದಲ್ಲಿ ಬೆಂಕಿ ಹಾಕುವ ಜಾಗಗಳಿವೆ. ಅನೇಕ ಕಡೆ ಸೌದೆಯನ್ನೂ ಇಟ್ಟಿರುತ್ತಾರೆ. ಲಾವು ಅಂದರೆ ಮೂರು ಕಡೆ ಗೋಡೆ, ಮುಂದೆ ಬೆಂಕಿ ಇರುವ ಮಾಡು. ಅಲ್ಲಿ ಮೊದಲೇ ಯಾರಾದರೂ ಕೂತಿದ್ದರೆ "ಮೊಯಿ", ಅಂದರೆ ನಮಸ್ಕಾರ, ಅಂದು ಒಂದು ಪಕ್ಕ ಕೂರಿ. ಬೆಂಕಿ ಎಲ್ಲರದು. ನಿಮ್ಮ ಹಪ್ಪಳ ಅವರಿಗೂ ಕೊಡಿ. ಹೊರಡುವಾಗ ಸೌದೆ ಜಾಸ್ತಿ ಸುಟ್ಟಿದ್ದರೆ ಒಂದಷ್ಟು ಒಡೆದಿಟ್ಟು ಹೋಗಿ.

ಸ್ವಲ್ಪ ರೂಢಿಯಾದ ಮೇಲೆ ಲ್ಯಾಪ್‌ಲ್ಯಾಂಡಿನ ಬೀಗವಿಲ್ಲದ ಕಾಡುಗುಡಿಸಲುಗಳಿಗೆ ಹೋಗಬಹುದು. ಔತಿಯೊತುಪಾ ಅನ್ನುತ್ತಾರೆ. ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ, ಒಂದೆರಡು ರಾತ್ರಿ ಇರಬಹುದು. ಅಲ್ಲಿಯ ಹಳೆಯ ನಿಯಮ ನನಗೆ ತುಂಬಾ ಇಷ್ಟ: ಕೊನೆಗೆ ಬಂದವರಿಗೇ ಮೊದಲ ಹಕ್ಕು. ಜಾಗ ತುಂಬಿದ್ದರೆ ಮೊದಲು ಬಂದು ಬೆಚ್ಚಗಾದವರು ಎದ್ದು, ಈಗಷ್ಟೇ ದಣಿದು ಬಂದವರಿಗೆ ಬಿಟ್ಟುಕೊಡಬೇಕು. ಅದಕ್ಕೇ ಅಲ್ಲಿಗೆ ಹೋಗುವಾಗ ಬೆನ್ನ ಮೇಲೆ ಡೇರೆ ಇರಲೇಬೇಕು.